ಕುಂಕುಮ ಹತ್ತಿದ ದ್ವೀಪದ ಎಲೆ

ಸಸ್ಯಲೋಕದ ಚರಿತ್ರೆಗೆ ಮನುಷ್ಯನಾದವನು ತಲೆಬಾಗಲೇಬೇಕು. ನಾನೂ ಬಾಗಿದೆ, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದುಕೊಂಡು.

ಪುಣೆಯ ಒಣಸಸ್ಯ ಸಂಗ್ರಹಾಲಯವೊಂದರಲ್ಲಿ ಗುಮಾಸ್ತನಾಗಿ ಸೇರಿದ ವರ್ಷ. ಖಂಡೇನವಮಿಯ ದಿನ ಊರ ಪದ್ಧತಿಯಂತೆ ಕಂಪ್ಯೂಟರು, ಸ್ಕ್ಯಾನರು, ಕಪಾಟುಗಳಿಗೆಲ್ಲ ಪೂಜೆ ಮಾಡಿದೆ. ಸ್ಕ್ಯಾನರಿನ ಪಕ್ಕ, ಹಾಳೆಗೆ ಅಂಟಿಸಿದ ಒಣ ಟೊಂಗೆಯೊಂದಿತ್ತು. ನಮಗೆ ಅನ್ನ ಕೊಡುವುದು ಇದೂ ಅಲ್ಲವೇ ಎಂದು ಅದರ ಎಲೆಗೂ ಒದ್ದೆ ಕುಂಕುಮವಿಟ್ಟೆ.

ಕಲಬುರಗಿ ಕಡೆಯ ಹೆಣ್ಣುಮಗಳಾದ ನಮ್ಮ ಮೇಲಧಿಕಾರಿ ಒಳಗೆ ಬಂದವರು ಎಲೆ ನೋಡಿ ಕುರ್ಚಿ ಹಿಡಿದು ಕೂತರು.

“ಏನ್ ಮಾಡೀರಿ ಇದು? ಹಿಂದಿನ ಕಾಲದಾಗ ಹಡಗಿನ ಡಾಕ್ಟರ್ ಒಬ್ಬಾಂವ, ನೀರು ತುಂಬಿಸಲಿಕ್ಕೆ ದ್ವೀಪಕ್ಕ ಇಳಿದಾಗ ಮುರಕೊಂಡು ಬಂದದ್ದದು.”

“ಇನ್ನೊಂದು ತರಿಸಿದ್ರಾತು ಬಿಡ್ರಿ, ಬಾಯಾರ.”

“ಎಲ್ಲಿಂದ ತರಸ್ತೀರಿ? ಅದೇ ಹಡಗಿನವರು ಮುಂದ ಬಂದಾಗ ಮಾಂಸಕ್ಕಂತ ದ್ವೀಪದಾಗ ಆಡು ಬಿಟ್ಟು ಹೋದರು. ಆಡು ಗಿಡಾ ಎಲ್ಲಾ ತಿಂದು ಮುಗಿಸಿದವು. ಜಗತ್ತಿನಾಗ ಉಳದದ್ದು ಇದೊಂದೇ ಟೊಂಗಿ.”

ಆಡುಗಳ ಬಾಯಿಗೂ ಸಿಗದೆ ಉಳಿದಿದ್ದ ಎಲೆಗೆ ನಾನು ಬೆರಳೊತ್ತಿದ್ದೆ. ಇನ್ನೊಂದು ಕೈಯಲ್ಲಿ ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ಒಣ ಟೊಂಗೆಗೆ ಕಿಡಿ ಹಾರೀತೆಂದು ಅದನ್ನು ಹಿಡಿದು ಅಂಗಳಕ್ಕೆ ಓಡಿದೆ.

ಕುಂಕುಮ ಹೋಗಲಿಲ್ಲ. ಮೇಲಧಿಕಾರಿ ಹಾಳೆಯ ಕೆಳಗೆ ‘ಎಲೆಯ ಮೇಲೆ ಕೆಂಪು ಕಲೆ, ಸಂಗ್ರಹಿಸಿದ ನಂತರದ್ದು’ ಎಂದು ಬರೆದು ಕಪಾಟಿನಲ್ಲಿಟ್ಟರು.