ಇಸ್ತ್ರಿಯಕ್ಕ ಕೇಳಿದ ಒಂದೇ ಮಾತು

ಅವಳ ಮೇಲೆ ನನಗೆ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಒಳಗೊಂದು ಹೊರಗೊಂದು ಇಟ್ಟುಕೊಂಡು ಬರೆದ ಅನ್ನಿಸಿಕೊಳ್ಳುವುದು ಬೇಡ. ನಾನು ಟೈಲರ್. ನನ್ನ ಅಂಗಡಿಯ ಎದುರಿಗೇ, ಮಹಡಿ ಮೆಟ್ಟಿಲ ಕೆಳಗೆ, ಅವಳ ಇಸ್ತ್ರಿ ಮೇಜು. ಬೀದಿಗೆಲ್ಲ ಅವಳು ಇಸ್ತ್ರಿಯಕ್ಕ. ಮೂವತ್ತು ಮನೆಗಳ ಬಟ್ಟೆ ಅವಳ ಕೈ ದಾಟಿಯೇ ಹೋಗಬೇಕು, ಬಟ್ಟೆಯ ಮಡಿಕೆಯ ಜೊತೆ ಅವಳ ಮಾತೂ ಮನೆ ಸೇರುತ್ತದೆ. ಯಾವ ಡಾಕ್ಟರು ಒಳ್ಳೆಯವರು, ಯಾವ ಮನೆಗೆ ಹೆಣ್ಣು ಕೊಡಬಾರದು, ಎಲ್ಲ ತೀರ್ಮಾನ ಆ ಮೇಜಿನ ಮುಂದೆಯೇ ಆಗುತ್ತಿತ್ತು.

ಅವಳ ಮಗಳಿಗೆ ಆರು ವರ್ಷವಿದ್ದಾಗ ಜ್ವರ ಬಂತು. ಬೀದಿ ಕೊನೆಯ ಆರೋಗ್ಯ ಕೇಂದ್ರದ ನರ್ಸಮ್ಮ ಮಗುವಿನ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟಳು, ಚುಚ್ಚಬಾರದ ಕಡೆ ಚುಚ್ಚಿ. ನರಕ್ಕೆ ಪೆಟ್ಟಾಯಿತು. ಜ್ವರದಲ್ಲೂ ನೆಟ್ಟಗೆ ನಡೆದು ಹೋದ ಮಗು ಬಲಪಾದ ಎಳೆದುಕೊಂಡು ಬಂತು. ಇವತ್ತಿಗೂ ಹಾಗೆಯೇ ನಡೆಯುತ್ತಾಳೆ. ಮರುದಿನ ಇಸ್ತ್ರಿಯಕ್ಕ ಕೇಳಲು ಹೋದರೆ ನರ್ಸಮ್ಮ ದಾಖಲೆ ಪುಸ್ತಕ ಬಿಚ್ಚಿ ತೋರಿಸಿದಳು: 'ಮಗು ಬರುವಾಗಲೇ ಕುಂಟುತ್ತಿತ್ತು.'

ಬೀದಿಯಲ್ಲಿ ಬೇರೆ ಇಸ್ತ್ರಿಯವರಿಲ್ಲ. ನರ್ಸಮ್ಮನ ಬಿಳಿ ಕೋಟು ಬರುವುದೂ ಇದೇ ಮೇಜಿಗೆ. ಹದಿನಾರು ವರ್ಷ, ವಾರಕ್ಕೆರಡು ಸಲ, ಇಸ್ತ್ರಿಯಕ್ಕ ಆ ಕೋಟಿನ ಎಡಗಡೆ ಕಾಲರನ್ನು ಸೊಟ್ಟಗೆ ಒತ್ತಿ ಕಳಿಸಿದಳು. ಕೇಳಿದರೆ ಒಂದೇ ಉತ್ತರ: "ಬರುವಾಗಲೇ ಹಾಗಿತ್ತು." ನರ್ಸಮ್ಮ ಕೇಳುವುದನ್ನೇ ಬಿಟ್ಟಳು. ನಾವು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದೆವು.

ಆಮೇಲೆ ರೋಗ ಬಂತು, ಬೀದಿಗಳು ಮುಚ್ಚಿದವು, ವರ್ಷ ಕಳೆದು ಲಸಿಕೆ ಬಂತು. ಹಾಕುವವಳು ಅದೇ ನರ್ಸಮ್ಮ. ಇಸ್ತ್ರಿಯಕ್ಕನಿಗೆ ಕಾದು ಕೂತದ್ದು ಕೈಗೆ ಸಿಕ್ಕ ಹಾಗಾಯಿತು. ಬಟ್ಟೆ ಒಯ್ಯಲು ಬಂದವರಿಗೆಲ್ಲ ಮೆಲ್ಲಗೆ ಹೇಳುತ್ತಿದ್ದಳು: "ಹಾಕಿಸ್ಕೊಳ್ಳಿ, ಬೇಡ ಅನ್ನೋಕೆ ನಾನ್ಯಾರು? ನನ್ನ ಮಗಳ ಕಾಲಂತೂ ನೋಡಿದೀರಲ್ಲ."

ನಮ್ಮಂಥವರನ್ನು ಪತ್ರಿಕೆಗಳು ದಡ್ಡರು ಎಂದು ಬರೆದವು. ದಡ್ಡರಲ್ಲ ಸ್ವಾಮಿ. ಲಸಿಕೆಯ ವಿಚಾರವನ್ನಾದರೆ ಎಲ್ಲೋ ಓದಿಯೇ ತಿಳಿಯಬೇಕಿತ್ತು. ಆ ಕಾಲು ದಿನಾ ಬೆಳಗ್ಗೆ ನಮ್ಮ ಕಣ್ಣೆದುರಿಗೇ ಹಾದುಹೋಗುತ್ತಿತ್ತು.

ನನ್ನ ಹೆಂಡತಿಗೆ ಉಬ್ಬಸ. "ನಾನು ಹಾಕಿಸ್ಕೊಂಡ್ಬಿಡ್ತೀನಿ ಕಣ್ರೀ" ಎಂದು ದಿನಾ ಅನ್ನುತ್ತಿದ್ದಳು. "ಸ್ವಲ್ಪ ತಡಿ, ಇಸ್ತ್ರಿಯಕ್ಕ ಏನಂತಾಳೋ ನೋಡೋಣ" ಎಂದು ನಾನೂ ದಿನಾ ಅನ್ನುತ್ತಿದ್ದೆ.

ಒಂದು ದಿನ ನರ್ಸಮ್ಮ ಪಟ್ಟಿ ಹಿಡಿದು ಮೇಜಿನ ಮುಂದೆ ಬಂದು ನಿಂತಳು.

"ನಿಮ್ಮ ಒಂದು ಮಾತಿಗೆ ಇಡೀ ಬೀದಿ ಬರುತ್ತಮ್ಮ. ದಮ್ಮಯ್ಯ ಅಂತೀನಿ."

"ನನಗೂ ಒಂದು ಮಾತು ಬೇಕು. 'ಆ ಕಾಲು ಹಾಗಾಗಿದ್ದು ನನ್ನ ಕೈಯಿಂದ' ಅಂತ ನೀವು ಎಲ್ಲರ ಮುಂದೆ ಹೇಳಿ. ಆಮೇಲೆ ಮೊದಲನೇ ತೋಳು ನಂದೇ."

ನರ್ಸಮ್ಮ ಬಂದ ದಾರಿಯಲ್ಲೇ ವಾಪಸು ಹೋದಳು. ನಿವೃತ್ತಿಗೆ ಆರು ತಿಂಗಳಿತ್ತು. ಮೂರು ವಾರದಲ್ಲಿ ನಮ್ಮ ಬೀದಿಯ ಇಬ್ಬರನ್ನು ಆಂಬುಲೆನ್ಸ್ ಒಯ್ದಿತು. ಆಗ ನರ್ಸಮ್ಮನೇ, ಎಲ್ಲರ ಮುಂದೆ ಹೇಳಲು ಒಪ್ಪಿದ್ದೇನೆಂದು ಹೇಳಿಕಳಿಸಿದಳು.

ಭಾನುವಾರ ಬೆಳಗ್ಗೆ ಮೂವತ್ತು ಮನೆಯವರೂ ಸೇರಿದ್ದೆವು. ಮೇಜಿನ ಪಕ್ಕ ಲಸಿಕೆ ಡಬ್ಬಿ, ಒಂದು ಕುರ್ಚಿ. ನರ್ಸಮ್ಮ ಎದ್ದು ನಿಂತು ಹೇಳಿದಳು: "ಆ ಮಗು ಕಾಲು ಹಾಳಾಗಿದ್ದು ನನ್ನ ಕೈಯಿಂದ. ಪುಸ್ತಕದಲ್ಲಿ ಸುಳ್ಳು ಬರೆದಿದ್ದೂ ನಾನೇ. ಕೆಲಸ ಹೋಗುತ್ತೆ ಅಂತ ಹೆದರಿದ್ದೆ."

"ಇನ್ನೊಂದ್ ಸಲ. ಹಿಂದಿನವರಿಗೆ ಕೇಳಿಸ್ಲಿಲ್ಲ" ಅಂದಳು ಇಸ್ತ್ರಿಯಕ್ಕ.

ನರ್ಸಮ್ಮ ಇನ್ನೊಂದು ಸಲ ಹೇಳಿದಳು. ಇಸ್ತ್ರಿಯಕ್ಕನ ಮುಖ ನನಗೆ ಅಷ್ಟು ಚೆಂದ ಕಂಡದ್ದು ಅವತ್ತೇ. ಕೊಟ್ಟ ಮಾತು ಉಳಿಸಿಕೊಂಡಳು, ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಅವಳ ನಂತರ ಮಗಳೂ ಹಾಕಿಸಿಕೊಂಡಳು.

"ಬನ್ನಿ, ಭಯ ಬೇಡ" ಎಂದು ಇಸ್ತ್ರಿಯಕ್ಕ ಕರೆದಳು. ಯಾರೂ ಕದಲಲಿಲ್ಲ. ಅಲ್ಲಿಯವರೆಗೆ ಕಾಲಿನ ಕಥೆ ಬರೀ ಅವಳೊಬ್ಬಳ ಮಾತಾಗಿತ್ತು, ಈಗ ಚುಚ್ಚಿದವಳೇ ಹೌದು ಅಂದಿದ್ದಳು. ಯಾರೋ ಕೂಗಿದರು: "ನಿನ್ನ ಸೇಡೇನೋ ತೀರಿತು, ನಮ್ಮ ಕಾಲಿಗೆ ಯಾರು ಹೊಣೆ?"

"ಇದು ತೋಳಿಗೆ ಕೊಡೋದು! ಆ ನರ ಇಲ್ಲಿಲ್ಲ!" ಎಂದು ಅವಳು ಒಬ್ಬೊಬ್ಬರ ಹಿಂದೆಯೂ ಓಡಿದಳು. ಹದಿನಾರು ವರ್ಷ ಹೇಳಿದ್ದನ್ನು ಕಾಲು ಗಂಟೆಯಲ್ಲಿ ವಾಪಸು ತೆಗೆದುಕೊಳ್ಳಲು ಹೊರಟಿದ್ದಳು. ಜನ ಚದುರಿದರು. ನಾವೂ ಮನೆಗೆ ಬಂದೆವು.

ಆ ಭಾನುವಾರ ಕಳೆದು ಐದನೇ ವಾರ ನನ್ನ ಹೆಂಡತಿಗೆ ರೋಗ ತಗುಲಿತು. ಎಂಟು ದಿನ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡಿ ಹೋದಳು.

ಒಂದು ತಿಂಗಳು ಆ ಮೇಜಿನ ಕಡೆ ನೋಡಿ ಹಲ್ಲು ಕಡಿದೆ. ನರ್ಸಮ್ಮನನ್ನು ನಿಲ್ಲಿಸಿದ ಹಾಗೆ ಇವಳನ್ನೂ ನಿಲ್ಲಿಸಬೇಕು, ಇವಳ ಬಾಯಿಂದಲೂ ಕಕ್ಕಿಸಬೇಕು. ಕೊನೆಗೊಂದು ದಿನ, ಬೀದಿ ತುಂಬ ಜನವಿದ್ದ ಹೊತ್ತು ನೋಡಿ ಹೋದೆ.

"ನಿನ್ನ ಮಾತಿಂದ ಸತ್ತಳು ನನ್ನ ಹೆಂಡ್ತಿ. ಹೇಳು, ಎಲ್ಲರ ಮುಂದೆ ಹೇಳು."

ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. "ನನ್ನಿಂದಾನೇ ಆಗಿದ್ದು, ಟೈಲರಣ್ಣ." ಬೀದಿಗೆಲ್ಲ ಕೇಳಿಸುವ ಹಾಗೆಯೇ ಹೇಳಿದಳು. "ಬೇಕಾದ್ರೆ ಇನ್ನೊಂದ್ ಸಲ ಹೇಳ್ತೀನಿ."

"ಹೇಳು."

ಹೇಳಿದಳು. ನನ್ನ ಸಿಟ್ಟು ಹಾಗೇ ಇತ್ತು. ಮತ್ತೆ ಬಾಯಿ ತೆಗೆಯುವಷ್ಟರಲ್ಲಿ, ಬಟ್ಟೆ ಮಡಚುತ್ತಿದ್ದ ಮಗಳು ತಲೆಯೆತ್ತಿದಳು.

"ಮಾಮ, ಅವತ್ತು ಅತ್ತೆ ನನ್ನ ಹಿಂದೇನೇ ನಿಂತಿದ್ರು. ರವಿಕೆ ತೋಳು ಮೇಲಕ್ಕೆ ಮಡಚಿಕೊಂಡು ರೆಡಿಯಾಗಿದ್ರು. ಕಾಲಿಗೆ ಯಾರು ಹೊಣೆ ಅಂತ ಕೂಗಿ, ಅವರ ಕೈ ಹಿಡಿದು ಎಳ್ಕೊಂಡು ಹೋಗಿದ್ದು ಯಾರು?"

ಇಡೀ ಬೀದಿ ನನ್ನನ್ನೇ ನೋಡುತ್ತಿತ್ತು. "ಬಿಡ್ರೀ, ಇನ್ನೇನು ನನ್ನ ಸರದಿ ಬಂತು" ಎಂದು ಅವತ್ತು ನನ್ನ ಹೆಂಡತಿ ಅಂದಿದ್ದಳು. ನಾನು ಬಿಡಲಿಲ್ಲ.