ಆಯುಧಪೂಜೆಗೆ ಬಂದ ಫ್ರೆಂಚ್ ಪದಕ

ಒಮಾನಿನ ಸೀಬ್‌ನ ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಕಾರಿನ ಕೀಲಿ, ಗಂಡನ ಲ್ಯಾಪ್‌ಟಾಪ್, ನನ್ನ ಮಿಕ್ಸರ್. ಕತ್ತಿ ಕಠಾರಿ ಯಾರ ಬಳಿ ಇದೆ? ಕಳೆದ ವರ್ಷ ಬಾಗಲಕೋಟೆಯಿಂದ ಅತ್ತೆ ವಿಸಿಟ್ ವೀಸಾದ ಮೇಲೆ ಬಂದಿದ್ದರು, ಹಾಗಾಗಿ ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆಯಬೇಕಿತ್ತು. ಪಕ್ಕದ ಮನೆಯಾಕೆಯನ್ನೂ ಕರೆದೆ. ನೀವು ದುಡಿಯುವ ಸಾಮಾನು ಏನಾದರೂ ತನ್ನಿ, ಪೂಜೆಗೆ ಇಡೋಣ ಎಂದೆ.

ಆಕೆ ಪುದುಚೇರಿಯವರು, ಹುಟ್ಟಿನಿಂದ ಫ್ರೆಂಚ್ ಪ್ರಜೆ. ಫ್ರೆಂಚ್ ಸೇನೆಯಲ್ಲಿ ನರ್ಸ್ ಆಗಿದ್ದವರು, ಈಗ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹೊಸ ನರ್ಸ್‌ಗಳಿಗೆ ಕಲಿಸುತ್ತಾರೆ. ಒಮಾನಿನಲ್ಲಿ ನನಗೆ ಗೆಳತಿ ಅಂತ ಇರುವುದು ಅವರೊಬ್ಬರೇ. ಅತ್ತೆಗೆ ಮಾತ್ರ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಯುದ್ಧಕ್ಕೆ ಹೋಗಿಬಂದವಳು, ಕೈಗೆ ರಕ್ತ ಅಂಟಿರುತ್ತದೆ ಎಂದು ತೀರ್ಮಾನಿಸಿ ಅವರ ಮನೆಯ ಚಹಾವನ್ನೂ ಮುಟ್ಟಿರಲಿಲ್ಲ. ಹಬ್ಬದ ದಿನ ಅತ್ತೆ ಇದನ್ನೇ ಮುಖಕ್ಕೆ ಹೇಳಿ, ಗೆಳತಿ ಎದ್ದು ಹೋಗಿಬಿಟ್ಟರೆ ಇದ್ದೊಂದು ಸ್ನೇಹವೂ ಹೋಯಿತು ಎಂದು ಬೆಳಗಿನಿಂದಲೇ ನನಗೆ ಪುಕಪುಕ.

ಸ್ಟೆತಸ್ಕೋಪ್ ತರುತ್ತಾರೆ ಎಂದುಕೊಂಡಿದ್ದೆ. ಪುಟ್ಟ ಡಬ್ಬಿಯೊಂದನ್ನು ತೆರೆದು ಕಾರಿನ ಕೀಲಿಗಳ ಪಕ್ಕ ಇಟ್ಟರು. ಕೆಂಪು-ಬಿಳಿ ಪಟ್ಟಿಗೆ ತೂಗುಬಿದ್ದ ಕಂಚಿನ ಶಿಲುಬೆ, ಅದರ ಹಿಂದೆ ಅಡ್ಡಡ್ಡ ಎರಡು ಕತ್ತಿ, ನಡುವೆ ಒಬ್ಬ ಹೆಂಗಸಿನ ಮುಖ. ಕಾದಾಟದಲ್ಲಿ ಧೈರ್ಯ ತೋರಿದವರಿಗೆ ಫ್ರಾನ್ಸ್ ಕೊಡುವ ಪದಕವಂತೆ. ಇಷ್ಟು ವರ್ಷ ಗೋಡೆಯಾಚೆಗೇ ಇದ್ದರೂ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ ಮಹಾರಾಯ್ತಿ.

ಇವಳು ಯಾವ ದೇವಿ ಎಂದು ಅತ್ತೆ ಕೇಳಿದರು. ದೇವಿಯಲ್ಲ, ಅವರ ದೇಶ, ನಮ್ಮ ಭಾರತಮಾತೆ ಇದ್ದ ಹಾಗೆ ಎಂದೆ. ಕುಂಕುಮದ ಬಟ್ಟಲಿಗೆ ಕೈ ಹಾಕಿದವರು ಕತ್ತಿಗಳನ್ನು ಕಂಡು ಹಿಂದೆಗೆದರು.

“ಎಷ್ಟ ಮಂದೀನ ಕೊಂದಿದ್ದಕ್ಕ ಇದನ್ನ ಕೊಟ್ಟಾರಂತ ಕೇಳು.”

ಗೆಳತಿಗೆ ಕನ್ನಡ ಬಾರದ್ದು ಒಳ್ಳೆಯದಾಯಿತು ಎಂದು ನಾನು ಹೂವು ಜೋಡಿಸತೊಡಗಿದೆ. ಗೆಳತಿಯೋ ಅತ್ತೆಯ ಮುಖ ನೋಡಿ, ಏನಂದರು ಹೇಳಲೇಬೇಕು ಎಂದು ಹಟ ಹಿಡಿದರು. ಹೇಳಿದೆ. ಸಿಟ್ಟಾಗಲಿಲ್ಲ. ಯಾರನ್ನೂ ಕೊಂದಿಲ್ಲ ಎಂದರು. ಅಫ್ಘಾನಿಸ್ತಾನದ ಒಂದು ಕಣಿವೆಯಲ್ಲಿ ಗುಂಡು ಹಾರುತ್ತಿದ್ದಾಗ, ಗಾಯಗೊಂಡು ಬಿದ್ದಿದ್ದ ಇಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ಬಂಡೆಯ ಮರೆಗೆ ಎಳೆದು ತಂದಿದ್ದರಂತೆ. ಮೂರನೆಯವನಿಗಾಗಿ ಹೊರಟಾಗ ಮೇಲಧಿಕಾರಿ ತಡೆದ. ಆತ ಅಲ್ಲೇ ಸತ್ತ. ಬದುಕಿದ ಇಬ್ಬರಿಗಾಗಿ ಪದಕ ಬಂತು, ಮೂರನೆಯವನ ವಿಷಯ ಯಾರೂ ಕೇಳುವುದಿಲ್ಲ ಎಂದರು. ಅವರ ದನಿ ನಡುಗಲಿಲ್ಲ. ಎಂಥ ಗಟ್ಟಿ ಹೆಣ್ಣುಮಗಳು ಎಂದು ನನಗೆ ಕೈಮುಗಿಯುವಂತಾಯಿತು.

ಅದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಪದಕವನ್ನು ಕೀಲಿಗಳ ಸಾಲಿನಿಂದ ಎತ್ತಿ ದೇವರ ಪಕ್ಕ ಇಟ್ಟರು. ಹಬ್ಬದ ದಿನ ಸತ್ತವರ ಸುದ್ದಿ ಎತ್ತಿದರೆ ಮನೆಮಂದಿಯನ್ನೆಲ್ಲ ಗದರುವ ಹೆಂಗಸು, ದೀಪಕ್ಕೆ ಇನ್ನೊಂದು ಬತ್ತಿ ಹಾಕಿ ಕೇಳಿದರು:

“ಆ ಮೂರನೇದಾಂವನ ಹೆಸರೇನಂತ?”

ಗೆಳತಿ ಹೇಳಿದರು. ಫ್ರೆಂಚ್ ಹೆಸರು ಅತ್ತೆಯ ನಾಲಿಗೆಗೆ ಹೊರಳಲಿಲ್ಲ. ಮತ್ತೆ ಹೇಳಿಸಿಕೊಂಡರು, ಮತ್ತೆ ತಪ್ಪಿದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಗೆಳತಿ ಈಗ ಕಣ್ಣೀರು ಸುರಿಸುತ್ತಲೇ ಒಂದೊಂದು ಅಕ್ಷರವನ್ನೂ ತಿದ್ದಿದರು. ಹೆಸರು ಸರಿಯಾಗಿ ಬರುವವರೆಗೂ ಅತ್ತೆ ಆ ಬತ್ತಿ ಹಚ್ಚಲಿಲ್ಲ.