ಮೈಕಿನ ಮುಂದೆ ಬೇಡಿಕೊಂಡದ್ದು

ನಲ್ಲಿ ರಿಪೇರಿಯವನಿಗೆ ಬಾಯಿ ಸ್ವಲ್ಪ ಜಾಸ್ತಿ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕುತ್ತಲೇ ಮನೆಯವರಿಗೆ ನಾಲ್ಕು ಬುದ್ಧಿಮಾತು ಹೇಳಿಬಿಡುತ್ತಿದ್ದ. ಅದಕ್ಕೇ ಇರಬೇಕು, ಭಾನುವಾರ ಚರ್ಚಿನಲ್ಲಿ ಎಲ್ಲರ ಪರವಾಗಿ ಪ್ರಾರ್ಥಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಅವನು ಒಂದೊಂದೇ ಬೇಡಿಕೆ ಹೇಳಬೇಕು, ಸಭೆ "ಆಮೆನ್" ಅನ್ನಬೇಕು.

ಪುರಸಭೆ ಚುನಾವಣೆ ಬಂತು. ಒಂದು ಕಡೆ ಅವರದೇ ಚರ್ಚಿನ ಮರದ ವ್ಯಾಪಾರಿ. ಇನ್ನೊಂದು ಕಡೆ ಪಕ್ಕದ ಮನೆಯ ನರ್ಸು. ಯಾವ ದೇವರಿಗೂ ಕೈಮುಗಿಯದವಳು. ದಿನಾ ಸಂಜೆ ಬಂದು ಅವನ ತಾಯಿಗೆ ಇನ್ಸುಲಿನ್ ಕೊಟ್ಟು ಹೋಗುವವಳೂ ಅವಳೇ. "ಅಧಿಕಾರದಲ್ಲಿ ಕ್ರಿಸ್ತನ ಕರುಣೆ ಇರಬೇಕು" ಎಂಬುದು ಅವನ ವಾದ. ಆ ಕರುಣೆ ದಿನಾ ತನ್ನ ಮನೆಗೇ ಬಂದು ಹೋಗುತ್ತಿದೆ ಎಂದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಆ ಭಾನುವಾರ ರೋಗಿಗಳಿಗಾಗಿ ಬೇಡಿದ, ಪ್ರಯಾಣಿಕರಿಗಾಗಿ ಬೇಡಿದ. ಆಮೇಲೆ ನಾಲಿಗೆ ಹಳಿ ತಪ್ಪಿತು.

"ಕರ್ತನೇ, ನಿನ್ನನ್ನು ಅರಿಯದವರ ಕೈಗೆ ನಮ್ಮ ಊರನ್ನು ಕೊಡಬೇಡ."

ರೂಢಿಬಲದಿಂದ ಇಡೀ ಸಭೆ "ಆಮೆನ್" ಅಂದುಬಿಟ್ಟಿತು. ಅವನು ಕಣ್ಣು ಬಿಟ್ಟರೆ ಬಾಗಿಲ ಬಳಿ ತಾಯಿಯ ಗಾಲಿಕುರ್ಚಿ. ಅದನ್ನು ಹಿಡಿದು ನಿಂತವಳು ನರ್ಸು. ಮೈಕು ಸರಿಮಾಡಲು ತಾನು ಮುಂಚೆ ಹೋಗಬೇಕು, ಅಮ್ಮನನ್ನು ಕರೆತನ್ನಿ ಎಂದು ಅವನೇ ಕೇಳಿಕೊಂಡಿದ್ದ. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೊರಗೆ ವ್ಯಾಪಾರಿ ಬೆನ್ನು ತಟ್ಟಿ "ಭೇಷ್" ಅಂದಾಗ ಇನ್ನೂ ನಾಚಿಕೆಯಾಯಿತು.

ಸಂಜೆ ಅವಳು ಎಂದಿನಂತೆ ಬಂದಳು. ಹೊರಡುವಾಗ ಅವನು ಅಡುಗೆಮನೆ ಬಾಗಿಲಲ್ಲಿ ಅಡ್ಡ ನಿಂತ.

"ಸಿಸ್ಟರ್, ಬೆಳಿಗ್ಗೆ ನಾನು ಅಂದಿದ್ದು... ತಪ್ಪಾಯ್ತು."

"ಅಂದಿದ್ದು ಮೈಕಲ್ಲಿ, ಎಲ್ಲರ ಮುಂದೆ. ತಪ್ಪಾಯ್ತು ಅನ್ನೋದು ಅಡುಗೆಮನೇಲಾ, ಅಣ್ಣಾ?"

ಮತದಾನಕ್ಕೆ ಮುಂಚೆ ಇನ್ನೊಂದು ಭಾನುವಾರವಿತ್ತು. ವಾರವಿಡೀ ಪೈಪುಗಳ ಮಧ್ಯೆ ಕೂತು ಮಾತು ಕೂಡಿಸಿಕೊಂಡ. ಎಲ್ಲರ ಮುಂದೆ ತಪ್ಪೊಪ್ಪಿಕೊಂಡೇ ಬಿಡುವುದೆಂದು ಎದ್ದೂ ನಿಂತ. ಮುಂದಿನ ಬೆಂಚಿನಲ್ಲಿ ವ್ಯಾಪಾರಿ ನಗುತ್ತಾ ಕೂತಿದ್ದ. ರೋಗಿಗಳಿಗಾಗಿ ಬೇಡಿದ, ಪ್ರಯಾಣಿಕರಿಗಾಗಿ ಬೇಡಿದ. ಅಲ್ಲಿಗೇ ಪ್ರಾರ್ಥನೆ ಮುಗಿಸಿದ. ತಲೆ ತಗ್ಗಿಸಿಕೊಂಡು ಬಂದು ಕೂತುಬಿಟ್ಟ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಆ ಸಂಜೆಯೂ ನರ್ಸು ಬಂದಳು. ಹೇಳಿದಿರಾ ಎಂದು ಕೇಳಲಿಲ್ಲ.

"ಅಮ್ಮನ ಕೈ ಸ್ವಲ್ಪ ಹಿಡ್ಕೊಳ್ಳಿ, ಅಣ್ಣಾ, ಅಲುಗ್ತಾ ಇದೆ" ಅಂದಳು ಅಷ್ಟೆ.

ಅವನು ಹಿಡಿದುಕೊಂಡ. ತಾಯಿ ಮೆಲ್ಲಗೆ ಕೈ ಬಿಡಿಸಿಕೊಂಡು ತೋಳನ್ನು ನರ್ಸಿನ ಕಡೆಗೆ ಚಾಚಿದಳು.

"ನೀನೇ ಹಿಡ್ಕೋ, ಮಗಳೇ."